ಗಾಜಿನ ಹಕ್ಕಿಯ ಗಿಫ್ಟ್ ಬಿಸಿನೆಸ್: ಗೆಲ್ಲುವ 13 ಸೂತ್ರಗಳು

ಗೃಹಪ್ರವೇಶಕ್ಕೆ ಗೋಡೆ ಗಡಿಯಾರ, ಬರ್ತ್‌ಡೇಗೆ ಕಾಫಿ ಮಗ್, ನಿವೃತ್ತಿಗೆ ಶಾಲು, ಹಾರ, ಫಲಕ. ನಮ್ಮ ಗಿಫ್ಟ್ ಪಟ್ಟಿ ಇಷ್ಟಕ್ಕೇ ಮುಗಿಯುತ್ತದೆ. ಕೊಟ್ಟ ವಾರದಲ್ಲೇ ಅದು ಅಟ್ಟ ಸೇರುತ್ತದೆ, ಇಲ್ಲವೇ ಪ್ಯಾಕ್ ಬಿಚ್ಚದೆಯೇ ಇನ್ನೊಬ್ಬರ ಗೃಹಪ್ರವೇಶಕ್ಕೆ ಹೋಗುತ್ತದೆ. ಬೇರೆ ಏನಾದರೂ ಕೊಡೋಣ ಎನ್ನುವ ಗಿರಾಕಿ ದುಡ್ಡು ಹಿಡಿದು ಕಾಯುತ್ತಿದ್ದಾನೆ. ಅವನಿಗೆ ಕೈಯಲ್ಲಿ ಮಾಡಿದ ಗಾಜಿನ ಹಕ್ಕಿ ತೋರಿಸಿ.

ಫ್ಯೂಸ್ಡ್ ಗ್ಲಾಸ್ ಎಂದರೆ ಬಣ್ಣದ ಗಾಜಿನ ಹಾಳೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಕಿಲ್ನ್ ಎಂಬ ಎಲೆಕ್ಟ್ರಿಕ್ ಕುಲುಮೆಯಲ್ಲಿ ಬೆಸೆಯುವ ಕೆಲಸ. ಊದುಗೊಳವೆ ಬೇಡ, ದೊಡ್ಡ ಭಟ್ಟಿ ಬೇಡ. ಮನೆಯ 230 ವೋಲ್ಟ್ ಲೈನಿನಲ್ಲಿ, ಗೀಸರಿಗೆ ಕೊಡುವಂಥ ಪವರ್ ಸಾಕೆಟ್‌ನಲ್ಲೇ ಓಡುವ ಸಣ್ಣ ಕಿಲ್ನ್‌ಗಳಿವೆ. ಕೆಲಸ ಬಿಡದೆ, ಕಾಲೇಜು ಬಿಡದೆ, ವೀಕೆಂಡ್‌ನಲ್ಲಿ ಕಲಿಯಬಹುದು. ಆದರೆ ಶಿಸ್ತು ಬೇಕು. ಗಿರಾಕಿ ದುಡ್ಡು ಕೊಡುವುದು ಎರಡಕ್ಕೆ ಮಾತ್ರ: ಹಕ್ಕಿ ಯಾವುದೆಂದು ನೋಡಿದ ಕೂಡಲೇ ಗೊತ್ತಾಗಬೇಕು, ವರ್ಷ ಕಳೆದರೂ ಅದು ಬಿರುಕು ಬಿಡಬಾರದು. ಉಳಿದದ್ದೆಲ್ಲ ಅಲಂಕಾರ.

1. ಒಂದೇ ಹಕ್ಕಿ ಆರಿಸಿ

ಹತ್ತು ಹಕ್ಕಿ ಮಾಡಲು ಹೊರಡಬೇಡಿ. ಒಂದನ್ನು ಹಿಡಿಯಿರಿ, ಅದರಲ್ಲೇ ಹೆಸರು ಮಾಡಿ. ಇಂಗ್ಲೆಂಡನ್ನು ನೋಡಿ. ಅಲ್ಲಿ ಕ್ರಿಸ್‌ಮಸ್ ಗಿಫ್ಟ್ ಎಂದರೆ ಕೆಂಪು ಎದೆಯ ರಾಬಿನ್ ಹಕ್ಕಿ ಬಂದೇ ಬರುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಅಂಚೆಯವರು ಕೆಂಪು ಕೋಟು ತೊಡುತ್ತಿದ್ದರು, ಜನ ಅವರನ್ನು ರಾಬಿನ್ ಎಂದೇ ಕರೆಯುತ್ತಿದ್ದರು. ಅವರು ತಂದ ಶುಭಾಶಯ ಪತ್ರದ ಮೇಲೆ ಹಕ್ಕಿಯೂ ಬಂದು ಕೂತಿತು. 2015ರಲ್ಲಿ ಬ್ರಿಟನ್ನಿನ ನೆಚ್ಚಿನ ಹಕ್ಕಿ ಯಾವುದೆಂದು ನಡೆದ ಸಾರ್ವಜನಿಕ ಮತದಾನದಲ್ಲೂ ಗೆದ್ದದ್ದು ರಾಬಿನ್ನೇ. ಅಲ್ಲಿನ ಗಾಜಿನ ಕಲಾವಿದರು ಈ ಪ್ರೀತಿಯನ್ನು ಹುಟ್ಟಿಸಲಿಲ್ಲ, ಇದ್ದದ್ದನ್ನು ಬಳಸಿಕೊಂಡರು. ನೀವೂ ಹಾಗೇ ಮಾಡಿ.

ರಾಬಿನ್ ಅನ್ನು ಮಾತ್ರ ಇಲ್ಲಿಗೆ ತರಬೇಡಿ. ಮದ್ದೂರಿನವರಿಗೆ ಅದು ಯಾವ ಹಕ್ಕಿಯೂ ಅಲ್ಲ.

2. ಹಕ್ಕಿಗೆ ಊರು ಕೊಡಿ

ಕರಕುಶಲ ವಸ್ತು ಮಾರುವ ಯಾವ ಎಂಪೋರಿಯಂಗಾದರೂ ಹೋಗಿ ನೋಡಿ. ಅಲ್ಲಿ ಬೆಲೆ ಬರುವುದು ಊರಿನ ಹೆಸರಿಗೆ. ಚನ್ನಪಟ್ಟಣದ ಗೊಂಬೆ, ಬೀದರಿನ ಬಿದರಿ, ಇಳಕಲ್ಲಿನ ಸೀರೆ. ಫ್ಯೂಸ್ಡ್ ಗ್ಲಾಸಿಗೆ ನಮ್ಮಲ್ಲಿ ಅಂಥ ಊರಿಲ್ಲ. ಹಕ್ಕಿಗಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಮನೆಯಂಗಳದ ಮರದಲ್ಲೇ ಗೂಡು ಕಟ್ಟುತ್ತವೆ. ದಾಂಡೇಲಿ ಎಂದರೆ ಮಂಗಟ್ಟೆ. ರಂಗನತಿಟ್ಟು ಎಂದರೆ ಕಾವೇರಿ ನಡುಗಡ್ಡೆಯ ಕೊಕ್ಕರೆ ಸಂತೆ. ನಾಡಿಗೆಲ್ಲ ಸಲ್ಲುವ ಹಕ್ಕಿ ಬೇಕೆಂದರೆ ನೀಲಕಂಠವಿದೆ, ಅದು ಕರ್ನಾಟಕದ ರಾಜ್ಯಪಕ್ಷಿ.

ಮಂಡ್ಯದಿಂದ ನ್ಯೂಜೆರ್ಸಿಗೆ ಹೋಗಿ ನೆಲೆಸಿದ ಇಂಜಿನಿಯರ್‌ಗೆ ಹೆಜ್ಜಾರ್ಲೆ ಕೊಟ್ಟು ನೋಡಿ. ಚೌಕಾಸಿ ಮಾಡುವುದಿಲ್ಲ.

3. ಹಕ್ಕಿ ನೋಡಿ, ಆಮೇಲೆ ಪೆನ್ಸಿಲ್ ಹಿಡಿಯಿರಿ

ಇಂಟರ್‌ನೆಟ್ಟಿನ ಟೆಂಪ್ಲೇಟ್ ಡೌನ್‌ಲೋಡ್ ಮಾಡಬೇಡಿ. ಅದೇ ಟೆಂಪ್ಲೇಟ್ ಇನ್ನೂ ಸಾವಿರ ಜನರ ಕೈಯಲ್ಲಿದೆ. ಬೈನಾಕ್ಯುಲರ್ ಹಿಡಿದು ಕೆರೆ ಏರಿಯ ಮೇಲೆ ಒಂದು ಬೆಳಗ್ಗೆ ಕಳೆಯಿರಿ. ನೀಲಕಂಠವನ್ನೇ ತೆಗೆದುಕೊಳ್ಳಿ. ಕರೆಂಟ್ ತಂತಿಯ ಮೇಲೆ ಕೂತಾಗ ಅದು ಕಂದು ಬಣ್ಣದ ಸಾದಾ ಹಕ್ಕಿ, ಯಾರೂ ತಿರುಗಿ ನೋಡುವುದಿಲ್ಲ. ಮಿಡತೆ ಹಿಡಿಯಲು ರೆಕ್ಕೆ ಬಿಚ್ಚಿತೋ, ಕಡುನೀಲಿ ಮತ್ತು ತಿಳಿನೀಲಿಯ ಪಟ್ಟೆಗಳು ಬಿಸಿಲಿಗೆ ಹೊಳೆಯುತ್ತವೆ. ಹಾಗಾದರೆ ಕೂತ ನೀಲಕಂಠ ಮಾಡುವುದು ವ್ಯರ್ಥ, ರೆಕ್ಕೆ ಬಿಚ್ಚಿದ್ದನ್ನೇ ಮಾಡಿ. ಈ ನಿರ್ಧಾರ ಟೆಂಪ್ಲೇಟಿನಲ್ಲಿ ಸಿಗುವುದಿಲ್ಲ.

ಇನ್ನು, ವಿವರ ಕಡಿಮೆ ಮಾಡಿ. ಫಿನ್ಲೆಂಡಿನ ಡಿಸೈನರ್ ಓಯಿವಾ ಟೊಯಿಕ್ಕಾ 1972ರಿಂದ ನೂರಾರು ಗಾಜಿನ ಹಕ್ಕಿ ವಿನ್ಯಾಸ ಮಾಡಿದರು. ಅವು ಊದಿ ಮಾಡಿದ ಹಕ್ಕಿಗಳು, ನಮ್ಮ ವಿಧಾನ ಬೇರೆ. ಆದರೆ ಪಾಠ ಒಂದೇ. ಹೆಚ್ಚಿನವಕ್ಕೆ ಕಾಲಿಲ್ಲ, ಗರಿಯ ವಿವರವಿಲ್ಲ. ಒಂದು ದುಂಡನೆಯ ಮೈ, ಒಂದು ತಲೆ, ಒಂದು ಕೊಕ್ಕು, ಸರಿಯಾದ ಬಣ್ಣ. ಸಂಗ್ರಾಹಕರು ಇಂದಿಗೂ ಅವನ್ನು ಹುಡುಕಿ ಕೊಳ್ಳುತ್ತಾರೆ.

4. ಗಾಜಿನ ಜಾತಿ ಬೆರೆಸಬೇಡಿ

ಇದು ಕಟ್ಟುನಿಟ್ಟಿನ ನಿಯಮ. ಪ್ರತಿ ಗಾಜಿಗೂ ಬಿಸಿಯಾದಾಗ ಹಿಗ್ಗುವ ಪ್ರಮಾಣ ಬೇರೆ. ಅದಕ್ಕೆ ಸಿಒಇ ಎನ್ನುತ್ತಾರೆ. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ 1974ರಲ್ಲಿ ಶುರುವಾದ ಬುಲ್ಸ್‌ಐ ಕಂಪನಿಯ ಗಾಜು ಸಿಒಇ 90. ಇನ್ನೊಂದು ಜನಪ್ರಿಯ ಬಗೆ ಸಿಒಇ 96. ಎರಡೂ ನೋಡಲು ಒಂದೇ, ಕೈಗೆ ಒಂದೇ. ಸೇರಿಸಿದರೆ ಕೆಡುತ್ತವೆ.

ಲೆಕ್ಕ ಹಾಕಿ. 90 ಎಂದರೆ ಒಂದು ಮೀಟರ್ ಗಾಜು ಒಂದು ಡಿಗ್ರಿಗೆ 9 ಮೈಕ್ರಾನ್ ಹಿಗ್ಗುತ್ತದೆ, 96 ಆದರೆ 9.6. ಗಾಜು ಗಟ್ಟಿಯಾಗತೊಡಗುವ 480 ಡಿಗ್ರಿಯಿಂದ ಕೋಣೆಯ ಬಿಸಿಗೆ ಇಳಿಯುವಷ್ಟರಲ್ಲಿ, 10 ಸೆಂಟಿಮೀಟರಿನ ಹಕ್ಕಿಯಲ್ಲಿ ಎರಡು ಪದರಗಳ ನಡುವೆ ಸುಮಾರು 27 ಮೈಕ್ರಾನ್ ಜಗ್ಗಾಟ ಉಳಿಯುತ್ತದೆ. ತಲೆಗೂದಲಿಗಿಂತ ಸಣ್ಣ ಅಳತೆ. ಅಷ್ಟೇ ಸಾಕು. ಕಿಲ್ನ್‌ನಿಂದ ಚೆನ್ನಾಗಿಯೇ ಹೊರಬಂದ ಹಕ್ಕಿ, ಗಿಫ್ಟ್ ಕೊಟ್ಟ ಮೂರನೇ ವಾರ ಗೋಡೆಯ ಮೇಲೆ ಟಕ್ ಎಂದು ಸೀಳುತ್ತದೆ. ಆ ಗಿರಾಕಿ ಮತ್ತೆ ನಿಮ್ಮ ಕಡೆ ಬರುವುದಿಲ್ಲ.

ಒಂದು ಸಿಒಇ ಆರಿಸಿ, ಅದರಲ್ಲೇ ಇರಿ. ಚೂರುಗಳ ಡಬ್ಬಿಗೆ ಲೇಬಲ್ ಅಂಟಿಸಿ. ಲೇಬಲ್ ಇಲ್ಲದ ಚೂರು ಎಷ್ಟೇ ಚಂದವಿದ್ದರೂ ಎಸೆಯಿರಿ.

ಆಮದು ಗಾಜು ದುಬಾರಿ ಎಂದು ಕೈಕಟ್ಟಿ ಕೂರಬೇಡಿ. ಕತ್ತರಿಸುವ ಅಭ್ಯಾಸಕ್ಕೆ ನಿಮ್ಮ ಬೀದಿಯ ಗಾಜಿನ ಅಂಗಡಿಯ ಕಿಟಕಿ ಗಾಜಿನ ಚೂರು ಸಾಕು. ಬೆಸೆಯುವುದಾದರೆ ಒಂದೇ ಹಾಳೆಯ ತುಂಡುಗಳನ್ನು ಮಾತ್ರ ಬೆಸೆಯಿರಿ. ಬಣ್ಣದ ಆರ್ಟ್ ಗ್ಲಾಸಿನ ಜೊತೆ ಅದನ್ನು ಸೇರಿಸಲೇಬೇಡಿ, ಅದರ ಸಿಒಇ ಇನ್ನೂ ಕಡಿಮೆ. ಟಫನ್ಡ್ ಗಾಜಿಗೆ ಕಟರ್ ಇಡಬೇಡಿ, ಪುಡಿಪುಡಿಯಾಗುತ್ತದೆ.

5. ಗಾಜು ಒಪ್ಪುವ ಗೆರೆಯನ್ನೇ ಎಳೆಯಿರಿ

ಗಾಜು ಹೊರಬಾಗಿದ ಗೆರೆಗೆ ಒಪ್ಪುತ್ತದೆ, ಒಳಬಾಗಿದ ಗೆರೆಗೆ ಜಗಳ ತೆಗೆಯುತ್ತದೆ. ಹಕ್ಕಿಯ ಆಕಾರದಲ್ಲಿ ಒಳಬಾಗು ಎರಡು ಕಡೆ ಇದೆ: ಕೊಕ್ಕಿನ ಕೆಳಗೆ ಕತ್ತು, ಮತ್ತು ಬಾಲ ಶುರುವಾಗುವ ಜಾಗ. ಇಡೀ ಹಕ್ಕಿಯನ್ನು ಒಂದೇ ತುಂಡಿನಲ್ಲಿ ಕತ್ತರಿಸಲು ಹೋದವರ ಗಾಜು ಇಲ್ಲೇ ಮುರಿಯುತ್ತದೆ. ಹಾಗಾಗಿ ಬಿಡಿ ಭಾಗ ಮಾಡಿ. ಮೈಗೆ ಹನಿಯಾಕಾರ. ರೆಕ್ಕೆಗೆ ಅರ್ಧ ಎಲೆ. ಬಾಲಕ್ಕೆ ಉದ್ದ ಪಟ್ಟಿ. ಕೊಕ್ಕಿಗೆ ಪುಟ್ಟ ತ್ರಿಕೋನ. ಮೇಲೆ ಜೋಡಿಸಿದರೆ ಕಿಲ್ನ್ ಬೆಸೆಯುತ್ತದೆ.

ಕಟರ್ ಗೆರೆ ಒಂದೇ ಸಲ ಎಳೆಯಿರಿ. ಎರಡನೇ ಸಲ ಎಳೆದರೆ ಕಟರಿನ ಚಕ್ರವೂ ಹಾಳು, ಗೆರೆಯೂ ಹಾಳು. ಒತ್ತಡ ಸರಿಯಿದ್ದರೆ ಬಟ್ಟೆ ಹರಿದಂಥ ಸಣ್ಣ ಸದ್ದು ಬರುತ್ತದೆ. ಆ ಸದ್ದಿಗೆ ಕಿವಿ ಪಳಗಿಸಿ.

6. 6 ಮಿಲಿಮೀಟರ್ ನಿಯಮ ಬಾಯಿಪಾಠ ಮಾಡಿ

ಪೂರ್ತಿ ಕರಗಿದ ಗಾಜು ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಬರಲು ಹವಣಿಸುತ್ತದೆ. ಮೇಲ್ಮೈ ಎಳೆತ ಅದಕ್ಕೆ ಕಾರಣ. ಹಾಳೆ ಸಾಮಾನ್ಯವಾಗಿ 3 ಮಿಲಿಮೀಟರ್. ಒಂದೇ ಪದರ ಇಟ್ಟು ಪೂರ್ತಿ ಕರಗಿಸಿದರೆ ಅಂಚು ಒಳಗೆ ಸರಿದು ಹಕ್ಕಿ ಸೊರಗುತ್ತದೆ. ಮೂರು ಪದರ ಇಟ್ಟರೆ ಹರಡಿ ಬಾತುಕೋಳಿಯಾಗುತ್ತದೆ. ಎರಡು ಪದರ ಇಡಿ.

ಕೊಕ್ಕಿನ ಕಡೆ ಗಮನವಿರಲಿ. ಚೂಪು ತುದಿ ಮೊದಲು ದುಂಡಾಗುತ್ತದೆ. ಮಿಂಚುಳ್ಳಿಯ ಕೊಕ್ಕು ಮೊಂಡಾದರೆ ಅದು ಮಿಂಚುಳ್ಳಿಯಲ್ಲ, ಯಾವುದೋ ನೀಲಿ ಮರಿ. ಪರಿಹಾರ ಎರಡು: ಕೊಕ್ಕನ್ನು ಬೇಕಾದುದಕ್ಕಿಂತ ಉದ್ದಕ್ಕೆ ಕತ್ತರಿಸಿ, ಮತ್ತು ಬಿಸಿ ತಗ್ಗಿಸಿ. 800 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಲ್ಲ ಕರಗಿ ಸಪಾಟು, ಅದು ಫುಲ್ ಫ್ಯೂಸ್. 730ರಿಂದ 760ರ ಆಸುಪಾಸಿನಲ್ಲಿ ನಿಲ್ಲಿಸಿದರೆ ಪದರ ಅಂಟಿಕೊಳ್ಳುತ್ತವೆ, ರೆಕ್ಕೆಯ ಉಬ್ಬು ಉಳಿಯುತ್ತದೆ, ಅದು ಟ್ಯಾಕ್ ಫ್ಯೂಸ್. ಹಕ್ಕಿಗೆ ಟ್ಯಾಕ್ ಫ್ಯೂಸೇ ಒಳ್ಳೆಯದು.

ಇದೇ ಮೇಲ್ಮೈ ಎಳೆತವನ್ನು ಕಣ್ಣಿಗೆ ಬಳಸಿ. ಕಪ್ಪು ಗಾಜಿನ ಸಣ್ಣ ಚೂರುಗಳನ್ನು ಮೊದಲೇ ಫುಲ್ ಫ್ಯೂಸ್ ಬಿಸಿಗೆ ಹಾಕಿ. ಚೌಕ ಚೂರು ತಾನಾಗಿ ದುಂಡು ಮಣಿಯಾಗಿ ಎದ್ದು ಕೂರುತ್ತದೆ. ಕಿಲ್ನ್ ಒಮ್ಮೆ ಹಚ್ಚಿದರೆ, ಅಂದರೆ ಒಂದು ಫೈರಿಂಗ್‌ನಲ್ಲಿ, ನೂರಾರು ಕಣ್ಣು ತಯಾರು. ಡಬ್ಬಿ ತುಂಬಿಡಿ.

7. ಬಣ್ಣದ ಕೆಮಿಸ್ಟ್ರಿ ಓದಿಕೊಳ್ಳಿ

ಮತ್ತೆ ಮಿಂಚುಳ್ಳಿಗೇ ಬನ್ನಿ. ಬೆನ್ನು ಹಸಿರುನೀಲಿ, ಹೊಟ್ಟೆ ಕಿತ್ತಳೆ. ಪೇಪರ್ ಮೇಲೆ ಸುಲಭ. ಕಿಲ್ನ್‌ನಲ್ಲಿ ಬಲೆ ಇಲ್ಲೇ ಇದೆ. ಹಸಿರುನೀಲಿ ಗಾಜಿಗೆ ಹಲವು ವೇಳೆ ಬಣ್ಣ ಕೊಡುವುದು ತಾಮ್ರ. ಕಿತ್ತಳೆ, ಹಳದಿ, ಕೆಂಪು ಗಾಜುಗಳಲ್ಲಿ ಹೆಚ್ಚಿನವಕ್ಕೆ ಸೆಲೆನಿಯಂ ಮತ್ತು ಗಂಧಕ. ಬಿಸಿಯಲ್ಲಿ ಇವೆರಡು ತಾಗಿದ ಕಡೆ ಕಂದುಗಪ್ಪು ಗೆರೆ ಏಳುತ್ತದೆ. ಕೆಲವರು ಅದನ್ನೇ ಗರಿಯ ಅಂಚೆಂದು ಜಾಣತನದಿಂದ ಬಳಸುತ್ತಾರೆ. ನಿಮಗೆ ಬೇಡವಾದರೆ ಕೋಬಾಲ್ಟ್ ನೀಲಿ ಬಳಸಿ, ಇಲ್ಲವೇ ನಡುವೆ ಪಾರದರ್ಶಕ ಗಾಜಿನ ಪದರ ಕೊಡಿ.

ಕೆಲವು ಗುಲಾಬಿ ಮತ್ತು ಕೆಂಪು ಗಾಜು ಅಂಗಡಿಯಲ್ಲಿ ಪೇಲವ, ಬೆಂದ ಮೇಲೆ ನಿಜ ಬಣ್ಣ. ಆದ್ದರಿಂದ ಪ್ರತಿ ಹಾಳೆಯ ಒಂದು ತುಂಡು ಸುಟ್ಟು ಗೋಡೆಗೆ ಅಂಟಿಸಿ. ಬಣ್ಣ ಆರಿಸುವುದು ಆ ಗೋಡೆ ನೋಡಿಯೇ.

8. ತಣಿಸುವಾಗ ಅವಸರ ಮಾಡಬೇಡಿ

ಹೊಸಬರು ಕರಗಿಸುವುದರ ಬಗ್ಗೆಯೇ ಮಾತಾಡುತ್ತಾರೆ. ಪಳಗಿದವರು ತಣಿಸುವುದರ ಬಗ್ಗೆ. ಹಕ್ಕಿಯ ಆಯುಷ್ಯ ಇಲ್ಲೇ ತೀರ್ಮಾನವಾಗುವುದು. ಗಾಜಿನ ಹೊರಮೈ ಬೇಗ ತಣಿದು ಒಳಮೈ ಹಿಂದುಳಿದರೆ ಒಳಗೆ ಒತ್ತಡ ಬಂಧಿಯಾಗುತ್ತದೆ. ಅದನ್ನು ಬಿಡಿಸುವ ಹಂತಕ್ಕೆ ಅನೀಲಿಂಗ್ ಎನ್ನುತ್ತಾರೆ. ಬುಲ್ಸ್‌ಐ ಗಾಜಾದರೆ 482 ಡಿಗ್ರಿಯಲ್ಲಿ ನಿಲ್ಲಿಸಿ. 6 ಮಿಲಿಮೀಟರ್ ದಪ್ಪದ ಸಪಾಟು ತುಂಡಿಗೆ ಸುಮಾರು ಒಂದು ಗಂಟೆ, ಉಬ್ಬುತಗ್ಗಿನ ಟ್ಯಾಕ್ ಫ್ಯೂಸ್ ಹಕ್ಕಿಗೆ ಅದಕ್ಕಿಂತ ಹೆಚ್ಚು. ಅಲ್ಲಿಂದ 370ರವರೆಗೆ ನಿಧಾನಕ್ಕೆ ಇಳಿಸಿ. ಆಮೇಲೆ ಕಿಲ್ನ್ ತಾನೇ ತಣಿಯಲಿ. ಮುಚ್ಚಳ ಮುಟ್ಟಬೇಡಿ. ಇಣುಕಿ ನೋಡುವ ಚಪಲ ಬಂದರೆ ಮನೆಯಿಂದ ಹೊರಗೆ ಹೋಗಿ. ಕೈಗೆ ಬಿಸಿ ತಾಗದಷ್ಟು ಆರಿದ ಮೇಲೆ ತೆಗೆಯಿರಿ.

ಈಗ ಟೆಸ್ಟ್ ಮಾಡಿ. ಒಳಗಿನ ಒತ್ತಡ ಬರಿಗಣ್ಣಿಗೆ ಕಾಣದು, ಧ್ರುವೀಕೃತ ಬೆಳಕಿಗೆ ಕಾಣುತ್ತದೆ. ಸಾಮಾನ್ಯ ಎಲ್‌ಸಿಡಿ ಲ್ಯಾಪ್‌ಟಾಪ್ ಪರದೆಯಿಂದ ಬರುವ ಬೆಳಕು ಅಂಥದ್ದೇ. ಪರದೆ ತುಂಬ ಬಿಳಿ ಪುಟ ತೆರೆಯಿರಿ. ಒಂದು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಿಡಿದು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಪಾರದರ್ಶಕ ಹಕ್ಕಿಯನ್ನು ನಡುವೆ ಹಿಡಿಯಿರಿ. ಕಪ್ಪಾಗಿಯೇ ಉಳಿದರೆ ಪಾಸ್. ರೆಕ್ಕೆ ಸೇರಿದ ಕಡೆ ಬೆಳ್ಳಗೆ ಪ್ರಭಾವಳಿ ಹೊಳೆದರೆ ಫೇಲ್. ಅದನ್ನು ಮಾರಬೇಡಿ, ಉಡುಗೊರೆಯಾಗಿಯೂ ಕೊಡಬೇಡಿ. ಬೆಳಕು ದಾಟದ ಗಾಜಿಗೆ ಈ ಟೆಸ್ಟ್ ನಡೆಯುವುದಿಲ್ಲ, ಅದಕ್ಕೆ ಅದೇ ಬಣ್ಣದ ಚೂರನ್ನು ಪಾರದರ್ಶಕ ಪಟ್ಟಿಯ ಮೇಲೆ ಬೆಸೆದು ಆ ಪಟ್ಟಿಯನ್ನು ನೋಡಿ.

9. ಅನುಮಾನ ಬಂದರೆ ಲಾಗ್‌ಬುಕ್ ತೆರೆಯಿರಿ

“ನನ್ನ ಕೈಯಲ್ಲಿ ಆಗುತ್ತಾ?” ಎಂಬುದು ಒಂದು ಅಭ್ಯಾಸ, ಅಷ್ಟೆ. ಅಭ್ಯಾಸವನ್ನು ಇನ್ನೊಂದು ಅಭ್ಯಾಸದಿಂದ ತೆಗೆಯಿರಿ. ಪ್ರತಿ ಫೈರಿಂಗ್‌ಗೆ ಒಂದು ಪುಟ: ಯಾವ ಗಾಜು, ಎಷ್ಟು ಪದರ, ಗಂಟೆಗೆ ಎಷ್ಟು ಡಿಗ್ರಿ ಏರಿಕೆ, ಎಲ್ಲಿ ಎಷ್ಟು ನಿಮಿಷ, ಫಲಿತಾಂಶದ ಫೋಟೋ. ನಿಮ್ಮ ಕಿಲ್ನ್‌ನ 750 ಇನ್ನೊಬ್ಬರ ಕಿಲ್ನ್‌ನ 750 ಆಗಿರುವುದಿಲ್ಲ. ಯೂಟ್ಯೂಬ್ ಗುರುವಿನ ಅಂಕಿಗಿಂತ ನಿಮ್ಮ ಪುಟದ ಅಂಕಿ ದೊಡ್ಡದು. ಸರಿಯಾಗಿ ಬಂದ ಪುಟವನ್ನು ಕಣ್ಣುಮುಚ್ಚಿ ರಿಪೀಟ್ ಮಾಡಿ.

10. ಧೂಳಿಗೆ ಹೆದರಿ, ಬೆಂಕಿಗಲ್ಲ

ಗಾಜಿನ ಪುಡಿ ಮತ್ತು ಕಿಲ್ನ್ ಶೆಲ್ಫಿಗೆ ಬಳಿಯುವ ಬಿಳಿ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಎನ್95 ಮಾಸ್ಕ್ ಹಾಕಿ. ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕನ್ನಡಕ, ಚಪ್ಪಲಿ ಕಡ್ಡಾಯ. ಅಡುಗೆಮನೆ ಟೇಬಲ್ ಮೇಲೆ ಈ ಕೆಲಸ ಬೇಡವೇ ಬೇಡ.

11. ಎಲ್ಲಿ ತೂಗುಹಾಕುತ್ತೀರಿ ಎಂದು ಮೊದಲು ಕೇಳಿ

ಆರ್ಡರ್ ಬಂದ ಕೂಡಲೇ ಬಣ್ಣ ಕೇಳಬೇಡಿ, ಜಾಗ ಕೇಳಿ. ಕಿಟಕಿಯಲ್ಲಿ ತೂಗುಹಾಕುವುದಾದರೆ ಪಾರದರ್ಶಕ ಗಾಜು ಬಳಸಿ, ಬೆಳಗಿನ ಬಿಸಿಲು ನೆಲದ ಮೇಲೆ ಬಣ್ಣ ಚೆಲ್ಲುತ್ತದೆ. ಅದೇ ಕಿಟಕಿಗೆ ಪಾರದರ್ಶಕವಲ್ಲದ ಓಪಲ್ ಗಾಜಿನ ಹಕ್ಕಿ ಕೊಟ್ಟರೆ ಬೆಳಕಿನೆದುರು ಕಪ್ಪು ಆಕೃತಿಯಾಗಿ ನಿಲ್ಲುತ್ತದೆ. ಗೋಡೆಗೆ ಅಥವಾ ದೇವರಮನೆ ಬಾಗಿಲಿಗೆ ಓಪಲ್ ಸರಿ. ತೂಗುವ ಕೊಂಡಿಗೆ ಬಿಸಿ ತಡೆಯುವ ನೈಕ್ರೋಮ್ ತಂತಿಯನ್ನು ಎರಡು ಪದರಗಳ ನಡುವೆ ಇಟ್ಟೇ ಬೆಸೆಯಿರಿ. ಆಮೇಲೆ ಅಂಟಿಸಿದ ಕೊಂಡಿ ಒಂದು ಬೇಸಿಗೆಗೆ ಕಳಚುತ್ತದೆ.

12. ಬೆಲೆ ಹೇಳುವಾಗ ತಲೆ ತಗ್ಗಿಸಬೇಡಿ

“ಮನೆಯಲ್ಲೇ ಮಾಡಿದ್ದು, ನೀವೇ ಎಷ್ಟಾದರೂ ಕೊಡಿ” ಎಂಬ ಮಾತು ಇವತ್ತೇ ನಿಲ್ಲಿಸಿ. ಲೆಕ್ಕ ಬರೆಯಿರಿ. ಉದಾಹರಣೆಗೆ, ಅಂಕಿಗಳ ಜಾಗದಲ್ಲಿ ನಿಮ್ಮವನ್ನು ತುಂಬಿಕೊಳ್ಳಿ: ಗಾಜು 180 ರೂಪಾಯಿ, ಕರೆಂಟ್ ಮತ್ತು ಕಿಲ್ನ್ ಸವಕಳಿಯ ಪಾಲು 40, ತಂತಿ ಮತ್ತು ಪ್ಯಾಕಿಂಗ್ 60, ನಿಮ್ಮ ಒಂದು ಗಂಟೆ 250. ಒಟ್ಟು 530. ಹತ್ತರಲ್ಲಿ ಒಂದು ಒಡೆಯುತ್ತದೆ ಎಂದುಕೊಂಡರೆ ಉಳಿದ ಒಂಬತ್ತು ಅದರ ಖರ್ಚು ಹೊರಬೇಕು, ಅಲ್ಲಿಗೆ 589. ಶೇ. 30 ಲಾಭ ಸೇರಿಸಿ, 766. ಗಿಫ್ಟ್ ಶಾಪ್‌ನವರು ಶೇ. 40 ಕಮಿಷನ್ ಕೇಳಿದರೆ ಅಲ್ಲಿ ಹಚ್ಚುವ ಬೆಲೆ 1,277. ಹೊಸಬರು ಬಿಟ್ಟುಬಿಡುವುದು ಒಡೆದದ್ದರ ಖರ್ಚನ್ನು ಮತ್ತು ತಮ್ಮ ಗಂಟೆಯನ್ನು. ಇವೆರಡನ್ನು ಬಿಟ್ಟವರು ಹೆಚ್ಚು ಮಾರಿದಷ್ಟೂ ಹೆಚ್ಚು ಕಳೆದುಕೊಳ್ಳುತ್ತಾರೆ.

ಬೆಲೆಗೆ ತಕ್ಕ ಪೆಟ್ಟಿಗೆ ಕೊಡಿ. ಕೊಕ್ಕಿಗೂ ಬಾಲಕ್ಕೂ ಬೇರೆ ಬೇರೆ ಬಬಲ್ ರ‍್ಯಾಪ್ ಸುತ್ತಿ, ಪೆಟ್ಟಿಗೆ ಮುಚ್ಚಿ, ಕಿವಿಯ ಬಳಿ ಅಲ್ಲಾಡಿಸಿ. ಸದ್ದು ಬಂದರೆ ಮತ್ತೆ ಪ್ಯಾಕ್ ಮಾಡಿ. ಒಳಗೆ ಒಂದು ಚೀಟಿ ಇಡಿ: ಹಕ್ಕಿಯ ಕನ್ನಡ ಹೆಸರು, ಅದು ಎಲ್ಲಿ ಕಾಣಸಿಗುತ್ತದೆ, ಯಾವ ತಿಂಗಳು. ಮೂರು ಸಾಲು ಸಾಕು. ಕವಿತೆ ಬೇಡ.

13. ಕ್ಯಾಲೆಂಡರನ್ನು ಹಿಂದಿನಿಂದ ಎಣಿಸಿ

ವಿಜಯದಶಮಿಯ ದಿನ ನೀಲಕಂಠ ಕಂಡರೆ ಶುಭ ಎಂಬ ನಂಬಿಕೆ ಉತ್ತರ ಭಾರತದಲ್ಲಿ ದಟ್ಟವಾಗಿದೆ. ಅದಕ್ಕಾಗಿ ಜೀವಂತ ಹಕ್ಕಿಯನ್ನು ಹಿಡಿದು ಪಂಜರದಲ್ಲಿ ತೋರಿಸಿ ದುಡ್ಡು ಕೇಳುವವರೂ ಇದ್ದಾರೆ. ಗಾಜಿನ ನೀಲಕಂಠಕ್ಕೆ ಇದಕ್ಕಿಂತ ಒಳ್ಳೆಯ ಸೀಸನ್ ಬೇಕೆ? ಬೆಂಗಳೂರಿನ ಕಂಪನಿಗಳು ಉತ್ತರದಿಂದ ಬಂದ ತಮ್ಮ ಉದ್ಯೋಗಿಗಳಿಗೂ ಇಲ್ಲಿಯವರಿಗೂ ಒಂದೇ ಗಿಫ್ಟ್ ಕೊಡಬಹುದು, ರಾಜ್ಯಪಕ್ಷಿಯೂ ಆಯಿತು, ಹಬ್ಬವೂ ಆಯಿತು. ಎಚ್‌ಆರ್‌ಗೆ ಮೇಲ್ ಕಳಿಸಿ. ಹಿಂಜರಿಯಬೇಡಿ.

ಆದರೆ ಲೆಕ್ಕ ತಪ್ಪಬೇಡಿ. ಏರಿಸಿ, ಬೆಸೆದು, ತಣಿಸಿ ಹೊರತೆಗೆಯಲು ಒಂದು ಫೈರಿಂಗ್‌ಗೆ ಒಂದು ದಿನ ಎಂದಿಟ್ಟುಕೊಳ್ಳಿ. ನಿಮ್ಮ ಕಿಲ್ನ್‌ನಲ್ಲಿ ಎಂಟು ಹಕ್ಕಿ ಹಿಡಿದರೆ, 100 ಹಕ್ಕಿಗೆ 13 ಫೈರಿಂಗ್. ಶನಿವಾರ ಒಂದು, ಭಾನುವಾರ ಒಂದು ಎಂದರೆ ಏಳು ವಾರ. ಒಡೆಯುವುದಕ್ಕೆ ಇನ್ನೊಂದು ವಾರ, ಪ್ಯಾಕಿಂಗ್‌ಗೆ ಒಂದು. ದಸರಾ ಅಕ್ಟೋಬರ್ ಮೊದಲ ವಾರ ಬಂದರೆ ಜುಲೈ ಕೊನೆಗೆ ಕಿಲ್ನ್ ಹಚ್ಚಿರಬೇಕು. ಆಗಸ್ಟ್ 1ರ ನಂತರ ಬಂದ ಬಲ್ಕ್ ಆರ್ಡರ್ ಎಷ್ಟೇ ದೊಡ್ಡದಿರಲಿ, ಅಡ್ವಾನ್ಸ್ ತೆಗೆದುಕೊಂಡು ಸಂಕ್ರಾಂತಿಗೆ ಕೊಡುತ್ತೇನೆ ಎಂದು ಹೇಳಿ.